ಗ್ಲುಟೆನ್ ಬಿಟ್ಟವರಿಗೆ ಸೈಡರ್: ಬಾಟಲಿಯ ಜೊತೆ ತಟ್ಟೆಯನ್ನೂ ನೋಡಿ

ಗೋಧಿ, ಬಾರ್ಲಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು, ಸೇಬಿನ ಮದ್ಯವಾದ ಸೈಡರ್ ಕುಡಿಯಬಹುದಾ? ಕುಡಿಯಬಹುದು. ಸೇಬಿನಲ್ಲಿ ಗ್ಲುಟೆನ್ ಇಲ್ಲ. ಸೇಬಿನ ರಸ ಹುಳಿ ಬಂದು ಮದ್ಯವಾದ ಮೇಲೂ ಅದರೊಳಗೆ ಗ್ಲುಟೆನ್ ಹುಟ್ಟುವುದಿಲ್ಲ. ಆದರೆ ಆ ಬಾಟಲಿಯ ಸುತ್ತ ಏನೇನಿರುತ್ತದೆ ನೋಡಿ. ಬಾರ್ಲಿಯಿಂದ ಮಾಡಿದ ಬೀರು ಹಾಕಿದ್ದ ಲೋಟ, ಗೋಬಿ ಮಂಚೂರಿ, ಇಂಗು ಹಾಕಿದ ಕಡ್ಲೆಬೀಜ, ಮೀನಿನ ರವಾ ಫ್ರೈ. ನಮ್ಮಂಥವರ ಹೊಟ್ಟೆ ಕೆಡುವುದು ಹೆಚ್ಚಾಗಿ ಇವುಗಳಿಂದ.

ನಾನು ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ನನಗೂ ಸೀಲಿಯಾಕ್ ಇದೆ. ರಕ್ತ ಕಮ್ಮಿ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಕೊನೆಗೆ ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ವಿಷಯ ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ನಮ್ಮ ದೇಹ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ. ಗೋಧಿ ಜಾಸ್ತಿ ತಿನ್ನುವ ಉತ್ತರ ಭಾರತದಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತದೆ. ನಮ್ಮದು ಅಕ್ಕಿ ಸೀಮೆ, ಇಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

ಅಂಗಡಿಗೆ ಬಂದು, ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, "ಅಕ್ಕಾ, ಬೀರು ಬಿಡ್ಬೇಕಂತೆ. ಬೇರೆ ಏನಾದ್ರೂ ನಡಿಯುತ್ತಾ?" ಎಂದು ಕೇಳುವವರಿದ್ದಾರೆ. ಕೇಳುವುದಕ್ಕೆ ನಾಚಿಕೆ ಯಾಕೆ? ಊರಮನೆಯಲ್ಲಿ ಎಲ್ಲರೂ ಸೇರಿದಾಗ ಒಂದು ಲೋಟ ಹಿಡಿದು ಕೂರಬೇಕು ಅನ್ನಿಸುವುದು ಸಹಜ. ಸರಿಯಾಗಿ ತಿಳಿದುಕೊಂಡು ಕೂತರೆ ಆಯಿತು. ಕುಡಿಯದೇ ಇರುವವರು ಇದನ್ನು ಓದಿ ಶುರು ಮಾಡಬೇಕು ಅಂತ ನನ್ನ ಆಸೆ ಖಂಡಿತ ಅಲ್ಲ.

ಮೊದಲು, ಸದ್ಯಕ್ಕೆ ಯಾರು ಕಾಯಬೇಕು ಎಂದು ಹೇಳಿಬಿಡುತ್ತೇನೆ. ಈಗಷ್ಟೇ ಕಾಯಿಲೆ ಗೊತ್ತಾಗಿದ್ದರೆ ಕರುಳಿನ ಒಳಪದರ ಇನ್ನೂ ಸವೆದಿರುತ್ತದೆ. ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಕಮ್ಮಿ ಇರಬಹುದು. ಕೆಲವರಿಗೆ ಲಿವರ್ ಎನ್‌ಜೈಮ್ ಕೂಡ ಏರಿರುತ್ತದೆ. ಗ್ಲುಟೆನ್ ಬಿಟ್ಟ ಮೇಲೆ ಅದು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಆ ಸಮಯದಲ್ಲಿ ಮದ್ಯ ಕುಡಿದರೆ ಯಾವುದರಿಂದ ಏನಾಯಿತು ಅಂತ ಡಾಕ್ಟರಿಗೂ ತಿಳಿಯುವುದಿಲ್ಲ. ರಿಪೋರ್ಟ್ ಸುಧಾರಿಸುವ ತನಕ ತಡೆಯಿರಿ. ಬಸುರಿಯರು, ಲಿವರ್ ತೊಂದರೆ ಇರುವವರು ಸೈಡರ್ ತಂಟೆಗೇ ಹೋಗಬೇಡಿ. 21 ತುಂಬದವರಿಗೆ ನಮ್ಮ ರಾಜ್ಯದಲ್ಲಿ ಮದ್ಯ ಮಾರುವಂತೆಯೇ ಇಲ್ಲ.

ಸೈಡರ್ ಅಂದರೆ ಯಾವುದು?

ಸೇಬನ್ನು ಜಜ್ಜಿ, ಹಿಂಡಿ, ರಸ ತೆಗೆಯುತ್ತಾರೆ. ಯೀಸ್ಟ್ ಆ ರಸದ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದೆ. ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 4ರಿಂದ 7ರ ಆಸುಪಾಸು, ಹೆಚ್ಚುಕಮ್ಮಿ ಬೀರಿನಷ್ಟೇ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್ ಮತ್ತು ಸಾಮರ್‌ಸೆಟ್, ಫ್ರಾನ್ಸಿನ ನಾರ್ಮಂಡಿ, ಸ್ಪೇನಿನ ಆಸ್ತೂರಿಯಾಸ್ ಇದರ ಹಳೆಯ ತವರು. ಆಸ್ತೂರಿಯಾಸ್‌ನಲ್ಲಿ ಬಾಟಲಿಯನ್ನು ತಲೆಗಿಂತ ಮೇಲೆತ್ತಿ, ಲೋಟವನ್ನು ಸೊಂಟದ ಕೆಳಗೆ ಹಿಡಿದು, ಸಣ್ಣ ಧಾರೆಯಾಗಿ ಬಿಡುತ್ತಾರೆ. ಗಾಳಿ ಬೆರೆತು ಪರಿಮಳ ಏಳಲಿ ಅಂತ. ಅಲ್ಲೆಲ್ಲ ಸೈಡರಿಗೆ ಅಂತಲೇ ಒಗರು ಸೇಬು ಬೆಳೆಯುತ್ತಾರೆ. ನಮ್ಮ ದೇಶದ ಹೆಸರುವಾಸಿ ಸೇಬು ತಿನ್ನುವ ಸೇಬು. ಹಿಮಾಚಲದ ಕೋಟ್‌ಗಢ ಸೀಮೆಯಲ್ಲಿ ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಅಮೆರಿಕದ ರೆಡ್ ಡೆಲಿಶಿಯಸ್ ತಳಿ ನೆಟ್ಟರು. ಶಿವಮೊಗ್ಗದ ಮಂಡಿಗೆ ಪೆಟ್ಟಿಗೆಯಲ್ಲಿ ಬಂದಿಳಿಯುವ ಆ ಕೆಂಪು ಸೇಬಿನ ನೆಂಟರೇ ಅವು. ಅಂಥ ಸೇಬಿನ ಸೈಡರಿಗೆ ಒಗರು ಕಮ್ಮಿ, ಕುಡಿಯಲು ಮೃದು. ಪೇರ್ ಹಣ್ಣಿನಿಂದ ಮಾಡಿದ್ದಕ್ಕೆ ಪೆರಿ ಅನ್ನುತ್ತಾರೆ. ಅದರಲ್ಲೂ ಗ್ಲುಟೆನ್ ಇಲ್ಲ.

ನನ್ನ ಅಂಗಡಿಯಲ್ಲಿ ಆ್ಯಪಲ್ ಸೈಡರ್ ವಿನೆಗರ್ ಇದೆ. ತೂಕ ಇಳಿಸಲು ಅಂತ ಜನ ಒಯ್ಯುತ್ತಾರೆ. ಅದು ಸೈಡರ್ ಇನ್ನೂ ಹುಳಿಯಾಗಿ ವಿನೆಗರ್ ಆದದ್ದು. ಕುಡಿಯುವ ಸೈಡರ್ ಬೇರೆ. ಅಮೆರಿಕದಲ್ಲಿ ಬರೀ ಸೈಡರ್ ಅಂದರೆ ಮದ್ಯವಿಲ್ಲದ ಸೇಬಿನ ರಸ, ಮದ್ಯವಾದರೆ ಹಾರ್ಡ್ ಸೈಡರ್. ಹೊರದೇಶದಲ್ಲಿರುವ ನೆಂಟರಿಂದ ತರಿಸುವಾಗ ಇದು ಗೊತ್ತಿರಲಿ.

ಬಾಟಲಿಯ ಹಿಂಭಾಗ ಓದಿ

ಮುಂದಿನ ಲೇಬಲ್ ಮಾರುವುದಕ್ಕೆ, ಹಿಂದಿನದು ತಿಳಿಯುವುದಕ್ಕೆ. ಔಷಧಿ ಅಂಗಡಿಯಲ್ಲಿ ನಾನು ಕಲಿತದ್ದು ಇದನ್ನೇ. ಮುಂದೆ ದೊಡ್ಡ ಸೇಬಿನ ಚಿತ್ರ ಇದ್ದರೂ ಹಿಂದೆ ಪದಾರ್ಥಗಳ ಸಾಲು ಹುಡುಕಿ. ಸೇಬಿನ ರಸ ಅಥವಾ ಸೇಬಿನ ಕಾನ್ಸಂಟ್ರೇಟ್, ನೀರು, ಸಕ್ಕರೆ, ಯೀಸ್ಟ್, ಮ್ಯಾಲಿಕ್ ಅಥವಾ ಸಿಟ್ರಿಕ್ ಆಸಿಡ್, ಕೆಡದಂತೆ ಹಾಕುವ ಸಲ್ಫೈಟ್. ಇಷ್ಟೇ ಇದ್ದರೆ ಗ್ಲುಟೆನ್ ಚಿಂತೆ ಇಲ್ಲ. ಕ್ಯಾರಮೆಲ್ ಬಣ್ಣ ಅಂತ ಇದ್ದರೂ ಹೆದರಬೇಕಾಗಿಲ್ಲ.

ಮಾಲ್ಟ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಬಾರ್ಲಿ, ಗೋಧಿ ಇವುಗಳಲ್ಲಿ ಒಂದು ಕಂಡರೂ ಬಾಟಲಿ ವಾಪಸ್ ಇಡಿ. ನಮ್ಮ ಮನೆಗಳಲ್ಲಿ ಮಾಲ್ಟ್ ಅಂದಕೂಡಲೇ ರಾಗಿ ನೆನಪಾಗುತ್ತದೆ. ಮದ್ಯದ ಬಾಟಲಿ ಮೇಲೆ ಹಾಗೆ ಬರೆದಿದ್ದರೆ ಬಾರ್ಲಿ ಎಂದೇ ತಿಳಿಯಿರಿ. ಕೆಲವರು ಬಣ್ಣಕ್ಕೂ ರುಚಿಗೂ ಅಂತ ಸೈಡರಿಗೆ ಮಾಲ್ಟ್ ಸೇರಿಸುವುದುಂಟು. ಸೇಬಿನ ರಸವನ್ನೂ ಬಾರ್ಲಿ ರಸವನ್ನೂ ಒಟ್ಟಿಗೇ ಹುಳಿ ಬರಿಸುವ ಗ್ರ್ಯಾಫ್ ಎಂಬ ಬಗೆಯೂ ಇದೆ. ಹಣ್ಣು, ಮಸಾಲೆ, ಕಾಫಿ ರುಚಿಯ ಸೈಡರ್‌ಗಳಲ್ಲಿ ಸಾಲು ಉದ್ದ ಇರುತ್ತದೆ. ಅದನ್ನು ನಿಧಾನವಾಗಿ ಓದಿ. ವಿಸ್ಕಿ ಪೀಪಾಯಿಯಲ್ಲಿ ಇಟ್ಟ ಸೈಡರ್ ಅಂತ ಬರೆದಿದ್ದರೆ ನಾನು ಬಿಡುತ್ತೇನೆ. ಅಪಾಯ ಚಿಕ್ಕದೇ. ಆದರೂ ಸರಳವಾದ ಬಾಟಲಿ ಸಿಗುವಾಗ ಅದು ಯಾಕೆ?

ಇನ್ನೊಂದು ಕಡೆ ಜನ ಎಡವುತ್ತಾರೆ. ಸೇಬಿನ ರುಚಿಯ ಬೀರು, ಸೇಬಿನ ಬಣ್ಣದ ಮಾಲ್ಟ್ ಪಾನೀಯ ಇವು ಸೈಡರ್ ಅಲ್ಲ. ಆಲ್ಕೋಹಾಲ್ ಇಲ್ಲ ಅಂದಮಾತ್ರಕ್ಕೆ ಗ್ಲುಟೆನ್ ಇಲ್ಲ ಅಂತಲ್ಲ. ಕಿಂಗ್‌ಫಿಶರ್ ರಾಡ್ಲರ್ ಥರದ್ದರಲ್ಲಿ ಮದ್ಯ ಇಲ್ಲ, ಆದರೆ ಬಾರ್ಲಿ ಮಾಲ್ಟ್ ಇದೆ. ಮಕ್ಕಳಿಗೂ ಕೊಡಬಹುದಲ್ವಾ ಅಂತ ಸುಮ್ನೆ ಸೀಲಿಯಾಕ್ ಇರುವ ಮಗುವಿಗೆ ಕೊಟ್ಟುಬಿಡಬೇಡಿ.

ಗ್ಲುಟೆನ್-ಫ್ರೀ ಎಂದು ಬರೆದಿದ್ದರೆ ಅದಕ್ಕೊಂದು ಲೆಕ್ಕ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಅಮೆರಿಕ, ಯುರೋಪಿನಲ್ಲೂ ಇದೇ ಮಿತಿ. 330 ಮಿಲಿಯ ಬಾಟಲಿಯೊಂದು ಆ ಮಿತಿಯ ಅಂಚಿನಲ್ಲೇ ಇದ್ದರೂ ಸುಮಾರು 6.6 ಮಿಲಿಗ್ರಾಂ ಆಯಿತು. ದಿನಾ 50 ಮಿಲಿಗ್ರಾಂನಂತೆ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟು ಬೀಳುತ್ತದೆ ಅಂತ ಇಟಲಿಯ ಅಧ್ಯಯನವೊಂದು 2007ರಲ್ಲಿ ತೋರಿಸಿತು. ಎಷ್ಟು ಸಣ್ಣ ಪ್ರಮಾಣದ ಮಾತು ಇದು ಅಂತ ಇದರಿಂದ ಅಂದಾಜಾಗುತ್ತದೆ. ಚಪಾತಿಯ ಒಂದು ಸಣ್ಣ ಚೂರೂ ನಮಗೆ ಲೆಕ್ಕಕ್ಕೆ ಬರುತ್ತದೆ.

ಗ್ಲುಟೆನ್ ತೆಗೆದ ಬೀರು ಅಂತ ಕೆಲವು ಬರುತ್ತವೆ. ಬಾರ್ಲಿ ಬೀರಿಗೆ ಎನ್‌ಜೈಮ್ ಹಾಕಿ ಗ್ಲುಟೆನ್ ಒಡೆದಿರುತ್ತಾರೆ. ಇದು ನಮಗೆ ಬೇಡ. ಕಾರಣ ಹೇಳುತ್ತೇನೆ. ಗ್ಲುಟೆನ್ ಅಳೆಯುವ ಸಾಮಾನ್ಯ ಪರೀಕ್ಷೆ ಆ ಪ್ರೋಟೀನನ್ನು ಎರಡು ಕಡೆ ಹಿಡಿದುಕೊಂಡರೆ ಮಾತ್ರ ಎಣಿಸುತ್ತದೆ. ಹುಳಿ ಬಂದೋ ಎನ್‌ಜೈಮ್ ತಾಗಿಯೋ ಪ್ರೋಟೀನ್ ಚೂರಾಗಿದ್ದರೆ ಎರಡು ಕಡೆ ಹಿಡಿಯಲು ಸಿಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಆ ಚೂರುಗಳು ನಮ್ಮ ಕರುಳನ್ನು ಕೆಣಕಬಹುದು. ಅದಕ್ಕೇ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಂದು ನಿಯಮ ತಂದಿತು: ಹುಳಿ ಬರಿಸಿದ ಆಹಾರಕ್ಕೆ ಗ್ಲುಟೆನ್-ಫ್ರೀ ಅಂತ ಬರೆಯಬೇಕಾದರೆ, ಹುಳಿ ಬರುವ ಮೊದಲೇ ಆ ಪದಾರ್ಥದಲ್ಲಿ ಗ್ಲುಟೆನ್ ಇರಲಿಲ್ಲ ಅಂತ ದಾಖಲೆ ಇರಬೇಕು. ಸೈಡರ್ ಗೆಲ್ಲುವುದು ಇಲ್ಲೇ. ಅದು ಶುರುವಾಗುವುದೇ ಸೇಬಿನಿಂದ.

ಬಾರಿನಲ್ಲಿ

ನಮ್ಮ ಕಡೆ ಎಲ್ಲ ವೈನ್ ಶಾಪಿನಲ್ಲೂ ಸೈಡರ್ ಸಿಗುವುದಿಲ್ಲ. ಶಿವಮೊಗ್ಗದ ದೊಡ್ಡ ಅಂಗಡಿಗಳಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ಬೆಂಗಳೂರಿನಿಂದ ಬರುವವರಿಗೆ ಹೇಳಿ. ಬೇರೆ ರಾಜ್ಯದ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಗಡಿ ದಾಟಿಸಬೇಡಿ, ಅಬಕಾರಿ ಕೇಸ್ ಆಗುತ್ತದೆ. ಅಂಗಡಿಯಲ್ಲಿ ಕೇಳುವಾಗ, "ಅಣ್ಣಾ, ಸೈಡರ್ ಇದ್ಯಾ? ಬೀರ್ ಬೇಡ, ಬ್ರೀಜರೂ ಬೇಡ" ಅಂತ ಬಿಡಿಸಿ ಹೇಳಿ. ಸಿಹಿ, ಬಣ್ಣ, ಗುಳ್ಳೆ ಇರುವುದೆಲ್ಲ ಒಂದೇ ಅಂತ ತೆಗೆದುಕೊಡುವವರಿದ್ದಾರೆ. ಕೈಗೆ ತೆಗೆದುಕೊಂಡು ಹಿಂಭಾಗ ಓದಿದ ಮೇಲೆ ದುಡ್ಡು ಕೊಡಿ.

ಬಾರಿನಲ್ಲಿ ಕೂತರೆ ಬಾಟಲಿ ಅಥವಾ ಕ್ಯಾನ್ ಮಾತ್ರ ತಗೊಳ್ಳಿ, ನಿಮ್ಮ ಮುಂದೆಯೇ ತೆರೆಸಿ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ನಲ್ಲಿಯಿಂದ ಸೈಡರ್ ಕೊಡುವ ಕಡೆ ಎರಡು ಪ್ರಶ್ನೆ ಕೇಳಿ. ಈ ಪೈಪಿನಲ್ಲಿ ಬೀರು ಹರಿಯುತ್ತಾ? ಇದನ್ನು ಬೀರಿನ ಟ್ಯಾಂಕಿನಲ್ಲೇ ಮಾಡಿದ್ದಾ? ಉತ್ತರ ತಡವರಿಸಿದರೆ ಬಿಡಿ. ಸ್ನೇಕ್‌ಬೈಟ್ ಅಂತ ಮೆನುವಿನಲ್ಲಿ ಕಂಡರೆ ಅದು ಅರ್ಧ ಸೈಡರ್, ಅರ್ಧ ಬೀರು.

ಲೋಟದ ವಿಷಯ ಸಣ್ಣದಲ್ಲ. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಬೀರಿನ ಮಗ್ಗುಗಳನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆಯುವ ಬಾರುಗಳಿವೆ. ಅಂಥ ಕಡೆ ನಾನು ಬಾಟಲಿಯಿಂದಲೇ ಕುಡಿಯುತ್ತೇನೆ, ಬಾಯಿ ಇಡುವ ಅಂಚನ್ನು ಮೊದಲು ಟಿಶ್ಯೂನಿಂದ ಒರೆಸಿಕೊಂಡು. ಟೇಬಲ್ ಮೇಲೆ ಎಲ್ಲರ ಲೋಟವೂ ಒಂದೇ ಥರ ಇದ್ದರೆ ನಮ್ಮದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಬೀರು ಕುಡಿದ ಬಾಯಲ್ಲಿ, "ರುಚಿ ನೋಡ್ತೀನಿ ಅಕ್ಕ" ಅಂತ ತಮ್ಮನೋ ಭಾವನೋ ಒಂದು ಗುಟುಕು ಕೇಳಿದರೆ ಬೇರೆ ಲೋಟಕ್ಕೆ ಹಾಕಿಕೊಡಿ.

ನಂಜಿಕೊಳ್ಳಲು ಏನು?

ಇದನ್ನು ಬರೆಯಬೇಕು ಅಂತಲೇ ನಾನು ಕೂತದ್ದು. ಸೈಡರ್ ನೋಡಿ ತಗೊಂಡು, ಜೊತೆಗೆ ಗೋಬಿ ಮಂಚೂರಿ ತರಿಸಿದರೆ ಅಷ್ಟೂ ವ್ಯರ್ಥ. ಗೋಬಿಯ ಹಿಟ್ಟಿನಲ್ಲಿ ಮೈದಾ ಇದೆ. ಮೇಲೆ ಸುರಿಯುವ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಕಬಾಬಿಗೆ ಕಾರ್ನ್‌ಫ್ಲೋರ್ ಮಾತ್ರ ಅನ್ನುತ್ತಾರೆ, ಕೆಲವು ಕಡೆ ಮೈದಾನೂ ಬೀಳುತ್ತದೆ. ಮೀನಿನ ರವಾ ಫ್ರೈಯ ರವೆ ಗೋಧಿಯದ್ದೇ. ಅದನ್ನು ಕರಿದ ಎಣ್ಣೆಯಲ್ಲಿ ಇನ್ನೇನು ಕರಿದರೂ ಅದು ನಮಗಿಲ್ಲ. ತವಾ ಮೇಲೆ ಪರೋಟ ಬೇಯಿಸಿ ಅದರ ಮೇಲೇ ಆಮ್ಲೆಟ್ ಹೊಯ್ದು ಕೊಡುತ್ತಾರೆ. ಬಾರಿನಲ್ಲಿ ನನಗೆ ಧೈರ್ಯ ಇರುವುದು ಬೇಯಿಸಿದ ಮೊಟ್ಟೆಗೆ. ಸಿಪ್ಪೆ ನಾನೇ ಬಿಡಿಸಿಕೊಂಡು ಉಪ್ಪು, ಮೆಣಸಿನ ಪುಡಿ ಹಾಕಿಕೊಳ್ಳುತ್ತೇನೆ. ಸೌತೆಕಾಯಿ, ಈರುಳ್ಳಿ, ಸಿಪ್ಪೆ ಸಮೇತ ಹುರಿದ ಕಡ್ಲೆಕಾಯಿ ಕೂಡ ಸರಿ.

ಈಗ ಇಂಗು. ನಿಮ್ಮ ಅಡುಗೆಮನೆಯ ಇಂಗಿನ ಡಬ್ಬಿ ಈಗಲೇ ತೆಗೆದು, ಬೆಳಕಿಗೆ ಹಿಡಿದು ಓದಿ. ಅಕ್ಷರ ಸಾಸಿವೆಗಿಂತ ಸಣ್ಣ ಇರುತ್ತದೆ. ಹೆಚ್ಚಿನ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಅಥವಾ ಮೈದಾ, ಗೋಂದು, ಅವುಗಳ ಜೊತೆ ಇಂಗು ಅಂತ ಇರುತ್ತದೆ. ಅಪ್ಪಟ ಇಂಗು ಒಂದು ಗಿಡದ ಬೇರಿನ ಹಾಲು ಗಟ್ಟಿಯಾದದ್ದು. ಅದರ ಘಾಟು ಬಹಳ ಜೋರು. ಅದಕ್ಕೇ ಹಿಟ್ಟು ಬೆರೆಸಿ ಮಾರುತ್ತಾರೆ. ಗಟ್ಟಿ ಇಂಗು ಅಂದಕೂಡಲೇ ಶುದ್ಧ ಅಂತ ನಂಬಬೇಡಿ, ಅದಕ್ಕೂ ಹಿಟ್ಟು ಸೇರಿರಬಹುದು. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್-ಫ್ರೀ ಅಂತ ಬರೆದ ಇಂಗು ಈಗ ಸಿಗುತ್ತದೆ. ಮದ್ಯದ ಜೊತೆ ಈ ಮಾತು ಯಾಕೆ ಅಂದರೆ, ಬೇಕರಿಯ ಕಾಂಗ್ರೆಸ್ ಕಡ್ಲೆಬೀಜ, ಖಾರ ಬೂಂದಿ, ಚಕ್ಕುಲಿ, ಮಂಡಕ್ಕಿ ಒಗ್ಗರಣೆ ಎಲ್ಲದರಲ್ಲೂ ಇಂಗು ಇರಬಹುದು. ಕೋಡುಬಳೆಗೆ ಮೈದಾನೋ ಚಿರೋಟಿ ರವೆಯೋ ಸೇರಿಸುತ್ತಾರೆ. ಹಬ್ಬಕ್ಕೆ ಚಿಕ್ಕಮ್ಮ ಡಬ್ಬಿ ತುಂಬ ಮಾಡಿಟ್ಟ ಚಕ್ಕುಲಿಯಾದರೂ ಅಷ್ಟೇ, "ಯಾವ ಇಂಗು ಹಾಕಿದ್ದು ಚಿಕ್ಕಮ್ಮ?" ಅಂತ ಕೇಳಿಯೇ ಕೈ ಹಾಕಿ. ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಚಿಕ್ಕಮ್ಮ ಈಗ ನನಗಂತ ಒಂದು ಬೇರೆ ಡಬ್ಬಿ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿಡುತ್ತಾರೆ.

ಮನೆಯಲ್ಲಾದರೆ ಮಲೆನಾಡಿನವರು ಪುಣ್ಯವಂತರು. ಅಕ್ಕಿ ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಕಳಲೆ ಪಲ್ಯ, ಮಿಡಿ ಉಪ್ಪಿನಕಾಯಿ. ಇದರಲ್ಲಿ ಎಲ್ಲಿಯೂ ಗೋಧಿ ಬೇಕಾಗಿಲ್ಲ. ಮೀನಿಗೆ ರವೆ ಬದಲು ಅಕ್ಕಿ ಹಿಟ್ಟು ಸವರಿ ಕಾಯಿಸಿದರೆ ಇನ್ನೂ ಗರಿಗರಿ. ಸೈಡರಿನ ಹುಳಿಗೂ ಕೋಳಿ ಸಾರಿನ ಖಾರಕ್ಕೂ ಒಳ್ಳೆ ಹೊಂದಾಣಿಕೆ. ಸಿಹಿ ಕಡಿಮೆ ಇರುವ ಡ್ರೈ ಸೈಡರನ್ನು ತಣ್ಣಗೆ ಮಾಡಿ, ಬಿಸಿ ಕಡುಬಿನ ಜೊತೆ ಕೊಡಿ. ಬೀರನ್ನು ಯಾರೂ ನೆನೆಸುವುದಿಲ್ಲ.

ಆದರೆ ಅಕ್ಕಿ ಹಿಟ್ಟು ಎಲ್ಲಿ ಬೀಸಿಸಿದ್ದು? ಊರಿನ ಗಿರಣಿಯಲ್ಲಿ ನಿಂತು ನೋಡಿದ್ದೀರಾ? ನಮಗಿಂತ ಮುಂದೆ ನಿಂತವರ ಗೋಧಿ ಬೀಸಿ ಮುಗಿದಿರುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಕೊಳವೆಯಲ್ಲಿ ಅದರ ಹಿಟ್ಟು ಅಂಟಿರುತ್ತದೆ. ಅದರ ಮೇಲೇ ನಮ್ಮ ಅಕ್ಕಿ ಸುರಿಯುತ್ತಾರೆ. ಮೊದಲು ಬೀಳುವ ಹಿಟ್ಟಿನ ಬಣ್ಣ ನೋಡಿದರೇ ತಿಳಿಯುತ್ತದೆ, ಸ್ವಲ್ಪ ಕಂದು. ಅಕ್ಕಿಗೆ ಬೇರೆ ಮಿಷನ್ ಇರುವ ಗಿರಣಿ ಹುಡುಕಿ. ಸಿಗದಿದ್ದರೆ ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಕಡುಬಿಗೆ ತರಿ ಸಾಕು, ಮಿಕ್ಸಿಯಲ್ಲಿ ಸುಲಭ. ಗಿರಣಿಯಲ್ಲಿ ರಾಗಿ ಬೀಸಿಸುವವರಿಗೂ ಇದೇ ಮಾತು.

ಮನೆಯಲ್ಲೇ ಮಾಡಿದ ವೈನ್, ಸೈಡರ್

ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಪ್ರೀತಿಯಿಂದ ಒಂದು ಲೋಟ ದ್ರಾಕ್ಷಿ ವೈನ್ ಕೊಡುತ್ತಾರೆ. ದ್ರಾಕ್ಷಿಯಲ್ಲಿ ಗ್ಲುಟೆನ್ ಎಲ್ಲಿಂದ ಬರಬೇಕು ಅನ್ನಿಸುತ್ತದೆ. ಆದರೆ ನಮ್ಮ ಕರಾವಳಿ, ಕೇರಳ ಕಡೆಯ ಮನೆ ವೈನ್‌ಗೆ ಭರಣಿ ಮುಚ್ಚುವ ಮುಂಚೆ ಒಂದು ಹಿಡಿ ಗೋಧಿ ಹಾಕುವ ರೂಢಿ ಇದೆ. ಸೇಬು, ಅನಾನಸು, ನೇರಳೆ ಹಣ್ಣಿನದ್ದಕ್ಕೂ ಕೆಲವರು ಹಾಗೇ ಮಾಡುತ್ತಾರೆ. ವಾರಗಟ್ಟಲೆ ಆ ಗೋಧಿ ಅದರಲ್ಲೇ ನೆನೆಯುತ್ತದೆ. ಸೋಸಿದರೂ ಗ್ಲುಟೆನ್ ಹೋಗುವುದಿಲ್ಲ. "ಗೋಧಿ ಹಾಕಿದ್ದೀರಾ?" ಅಂತ ಕೇಳಲೇಬೇಕಾದ ಪ್ರಶ್ನೆ ಇದು. ಹಾಕಿದ್ದರೆ ಕೈ ಮುಗಿದು, ಕಾಯಿಲೆ ಹೇಳಿ, ಅವರ ಮನೆಯ ಬೇರೆ ಏನಾದರೂ ತಿಂದು ಬನ್ನಿ. ನಾವೇ ಮಾಡಿಕೊಂಡರೆ ಆಯಿತಲ್ಲ ಅನ್ನುವವರಿಗೆ: ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಅದರ ವಿಧಾನ ನಾನು ಬರೆಯುವುದಿಲ್ಲ.

ಗ್ಲುಟೆನ್ ಇಲ್ಲದೆಯೂ ಹೊಟ್ಟೆ ಉಬ್ಬಿದರೆ

ಎಲ್ಲ ಸರಿಯಾಗಿ ನೋಡಿಕೊಂಡೆ, ಆದರೂ ಹೊಟ್ಟೆ ಉಬ್ಬರಿಸಿತು, ಭೇದಿಯಾಯಿತು ಅಂತ ಕೆಲವರು ಬರುತ್ತಾರೆ. ಸೇಬಿನಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಸಿಹಿ ಪದಾರ್ಥ ಇದೆ. ಯೀಸ್ಟ್ ಅದನ್ನು ತಿನ್ನುವುದಿಲ್ಲ, ಹಾಗೇ ಸೈಡರಿನಲ್ಲಿ ಉಳಿಯುತ್ತದೆ. ಪೇರ್ ಹಣ್ಣಿನಲ್ಲಿ ಇನ್ನೂ ಜಾಸ್ತಿ. ಸಿಹಿ ಸೈಡರ್‌ಗಳಲ್ಲಿ ಹಣ್ಣಿನ ಸಕ್ಕರೆ ಫ್ರಕ್ಟೋಸ್ ಕೂಡ ಇರುತ್ತದೆ. ಇವು ಕೆಲವರಿಗೆ ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುತ್ತವೆ. ನನ್ನ ಅಂಗಡಿಯಲ್ಲಿ ಸಾರ್ಬಿಟಾಲ್ ಇರುವ ಸಕ್ಕರೆರಹಿತ ಕೆಮ್ಮಿನ ಸಿರಪ್ ಇವೆ. ಅದನ್ನು ಜಾಸ್ತಿ ಕುಡಿದ ಮಕ್ಕಳಿಗೂ ಹೊಟ್ಟೆ ಸಡಿಲವಾಗುತ್ತದೆ, ಕಾರಣ ಒಂದೇ. ದಮ್ಮು ಇರುವವರು ಸಲ್ಫೈಟ್ ಅಂತ ಬರೆದಿದೆಯಾ ನೋಡಬೇಕು, ಕೆಲವರಿಗೆ ಅದು ಉಬ್ಬಸ ತರಿಸುತ್ತದೆ.

ಯಾವುದು ಯಾವುದರಿಂದ ಅಂತ ತಿಳಿಯಲು ಒಂದು ಉಪಾಯ. ಮೊದಲ ಸಲ ಸೈಡರನ್ನು ಪಾರ್ಟಿಯಲ್ಲಿ ಕುಡಿಯಬೇಡಿ. ಮನೆಯಲ್ಲಿ, ನೀವೇ ಬೇಯಿಸಿದ ಅನ್ನ, ಸಾರು ಉಂಡ ದಿನ ಅರ್ಧ ಲೋಟ ಕುಡಿದು ನೋಡಿ. ಅಂದು ಬೇರೆ ಹೊಸದೇನೂ ತಿನ್ನಬೇಡಿ. ಸ್ವಲ್ಪ ಹೊತ್ತಿಗೆ ಉಬ್ಬರ ಬಂದು ಬೇಗ ಇಳಿದರೆ ಸೇಬಿನ ಕಡೆ ಅನುಮಾನ ಪಡಿ, ಡ್ರೈ ಸೈಡರ್ ನೋಡಿ ಅಥವಾ ವೈನಿಗೆ ಹೋಗಿ.

ಅಂದ ಹಾಗೆ, ಸೈಡರ್ ಸಿಗದಿದ್ದರೆ ದ್ರಾಕ್ಷಿ ವೈನ್ ಆಗುತ್ತದೆ. ರಮ್, ಬ್ರಾಂದಿ ಕೂಡ ಆಗುತ್ತವೆ. ಬಾರ್ಲಿಯಿಂದ ಮಾಡಿದ ವಿಸ್ಕಿಯಲ್ಲೂ ಭಟ್ಟಿ ಇಳಿಸುವಾಗ ಪ್ರೋಟೀನ್ ಆವಿಯಾಗಿ ಮೇಲೆ ಬರುವುದಿಲ್ಲ, ಹಾಗಾಗಿ ಗ್ಲುಟೆನ್ ಕೆಳಗೇ ಉಳಿಯುತ್ತದೆ. ಆಮೇಲೆ ರುಚಿ ಸೇರಿಸಿದ್ದರೆ ಮಾತ್ರ ಲೇಬಲ್ ಓದಬೇಕು. ಜೇನಿನಿಂದ ಮಾಡುವ ಮೀಡ್ ಕೂಡ ಒಳ್ಳೆಯದೇ, ಪುಣೆಯಲ್ಲಿ ಮೂನ್‌ಶೈನ್ ಮೀಡರಿ ಅದನ್ನು ಮಾಡುತ್ತದೆ. ಮದ್ಯವೇ ಬೇಡ ಅಂದರೆ ಮುರುಗಲು ಶರಬತ್ತಿಗೆ ಸೋಡಾ ಹಾಕಿ ಕುಡಿಯಿರಿ. ಹುಳಿ, ಬಣ್ಣ, ಗುಳ್ಳೆ ಎಲ್ಲ ಇದೆ, ಯಾವ ಲೇಬಲ್ಲೂ ಓದಬೇಕಾಗಿಲ್ಲ.

ಎಷ್ಟು?

ಕಮ್ಮಿ. ಶೇ. 4.5ರ 330 ಮಿಲಿ ಸೈಡರಿನಲ್ಲಿ ಸುಮಾರು 12 ಗ್ರಾಂ ಆಲ್ಕೋಹಾಲ್ ಇದೆ. 30 ಮಿಲಿಯ ಒಂದು ವಿಸ್ಕಿ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಅಂದರೆ ಜ್ಯೂಸಿನ ರುಚಿಯ ಆ ಬಾಟಲಿ ಒಂದು ಪೆಗ್ಗಿಗಿಂತ ಸ್ವಲ್ಪ ಹೆಚ್ಚೇ. ಸಿಹಿ ಇರುವುದರಿಂದ ಬೇಗ ಇಳಿಯುತ್ತದೆ, ಎರಡನೆಯದಕ್ಕೆ ಕೈ ಹೋಗುತ್ತದೆ. ಮದ್ಯದಲ್ಲಿ ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗ್ಲುಟೆನ್-ಫ್ರೀ ಅನ್ನುವ ಮಾತು ಲಿವರಿಗೆ ಅನ್ವಯಿಸುವುದಿಲ್ಲ.

ಕುಡಿದು ಗಾಡಿ ಓಡಿಸಬೇಡಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಆಗುಂಬೆ ಘಾಟಿಯ ತಿರುವು, ಮಳೆ, ಮಂಜು ಇರುವಾಗ ಅದಕ್ಕಿಂತ ಕಡಿಮೆ ಇದ್ದರೂ ಅಪಾಯವೇ. ಮಾತ್ರೆಗಳ ವಿಷಯದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮವರ ಮನೆಯಲ್ಲಿ ಅದು ಯಾವಾಗಲೂ ಇರುತ್ತದೆ. ಭೇದಿಗೆ ಅಂತ ಮೆಟ್ರೊನಿಡಜೋಲ್ ತಗೊಂಡಿದ್ದರೆ ಆ ಕೋರ್ಸ್ ಮುಗಿದು ಇನ್ನೂ ಎರಡು ಮೂರು ದಿನ ಮದ್ಯ ಮುಟ್ಟಬೇಡಿ. ವಾಂತಿ, ಎದೆಬಡಿತ, ಮುಖ ಕೆಂಪಾಗುವುದು ಆಗಬಹುದು.

ಗೊತ್ತಿಲ್ಲದೆ ಗ್ಲುಟೆನ್ ಹೊಟ್ಟೆಗೆ ಹೋಗಿಬಿಟ್ಟರೆ ಅಂದಿನ ಸೈಡರನ್ನು ಅಲ್ಲಿಗೇ ನಿಲ್ಲಿಸಿ. ಭೇದಿ, ವಾಂತಿ ಇದ್ದರೆ ಒಆರ್‌ಎಸ್, ಗಂಜಿ, ಮಜ್ಜಿಗೆ. ಏನು ತಿಂದಿರಿ, ಯಾವ ಬಾಟಲಿ, ಯಾವ ಅಂಗಡಿ ಎಂದು ಬರೆದಿಡಿ, ಬಾಟಲಿಯ ಹಿಂಭಾಗದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಟಿಟಿಜಿ ಪರೀಕ್ಷೆಗೆ ಹೋಗಿ. ಇಲ್ಲದಿದ್ದರೂ ಡಾಕ್ಟರ್ ಹೇಳಿದಷ್ಟು ದಿನಕ್ಕೊಮ್ಮೆ ಅದನ್ನು ಮಾಡಿಸುತ್ತಿರಬೇಕು. ಆಗ ಸೈಡರ್ ಕುಡಿಯುತ್ತೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಅದೇ ರಕ್ತದಲ್ಲಿ ಲಿವರ್ ಪರೀಕ್ಷೆಯನ್ನೂ ಬರೆದುಕೊಡುತ್ತಾರೆ.